ಶ್ರೀರಂಗಪಟ್ಟಣದ ಸೆರೆಯಾಳುಗಳೂ ಪಾಪದ ತಾರತಮ್ಯವೂ

ಕಳಲೆಯ ದಳವಾಯಿಗಳ ಕೈಯಲ್ಲಿದ್ದ ಮೈಸೂರಿನ ಅಧಿಕಾರವು 1761ರಲ್ಲಿ ಹೈದರನ ವಶವಾಗುವುದಕ್ಕೆ ಶತಮಾನಕ್ಕೂ ಮುಂಚೆಯೇ, ಕಂಠೀರವ ನರಸರಾಜರ ಕಾಲದಲ್ಲಿ, ಜೆಸ್ವಿಟ್ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದಿದ್ದರು. 1649ರಲ್ಲಿ ಲಿಯೊನಾರ್ಡೊ ಚಿನ್ನಮಿ ಆರಂಭಿಸಿದ ಆ ಮಿಷನ್ನಿನ ಚರಿತ್ರೆಯನ್ನು ವಿವರಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಕ್ರೈಸ್ತಮತದಲ್ಲಿ ಪಾಪಗಳೆಲ್ಲವೂ ಸಮಾನವೆ ಎಂಬ ಹಳೆಯ ಪ್ರಶ್ನೆಯು ಅದೇ ಪಟ್ಟಣದಲ್ಲಿ ಮುಂದೆ ಹೇಗೆ ಜೀವಂತವಾಯಿತೆಂಬುದನ್ನಷ್ಟೇ ಪರಿಶೀಲಿಸುತ್ತೇವೆ.

ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿಸಿ ಘಟ್ಟದ ಮೇಲಕ್ಕೆ ಸಾಗಿಸಿದನು. ಅನೇಕರಿಗೆ ಬಲಾತ್ಕಾರದಿಂದ ಸುನ್ನತಿಯಾಯಿತು. ಗಂಡಸರಲ್ಲಿ ಹಲವರನ್ನು ಅಹಮದಿ ದಳಕ್ಕೆ ಸೇರಿಸಲಾಯಿತು. 1799ರಲ್ಲಿ ಪಟ್ಟಣವು ಬಿದ್ದ ತರುವಾಯ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅಲ್ಲಿಗೆ ಬಂದು, ಅಳಿದುಳಿದವರನ್ನು ಮತ್ತೆ ಸಭೆಗೆ ಸೇರಿಸಿಕೊಂಡನು. 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ಸೆರೆಯಾದವರು 60,000 ಮಂದಿ ಎಂದಿದ್ದಾನೆ. ಬೇರೆ ಅಂದಾಜುಗಳು ಇದಕ್ಕೆ ಹೊಂದುವುದಿಲ್ಲವಾದುದರಿಂದ ಈ ಸಂಖ್ಯೆಯನ್ನು ಎಚ್ಚರದಿಂದಲೇ ಬಳಸಬೇಕು. ನಮಗೆ ಮುಖ್ಯವಾದುದು ಆತನ ತೀರ್ಪು. ಅಷ್ಟು ಜನರಲ್ಲಿ ಧರ್ಮಕ್ಕಾಗಿ ಪ್ರಾಣಕೊಡಲು ಒಬ್ಬನೂ ಮುಂದೆ ಬರಲಿಲ್ಲವೆಂದು ಆತನು ಕಟುವಾಗಿ ನಿಂದಿಸುತ್ತಾನೆ.

ಈ ನಿಂದೆಯು ಆತನ ಸಭೆಯ ಸಿದ್ಧಾಂತಕ್ಕೆ ಒಪ್ಪುವುದೆ? ಪಾಪಗಳೆಲ್ಲವೂ ಒಂದೇ ಎಂಬ ಮತವು ಸ್ಟೋಯಿಕರದು. ಅದನ್ನು ಹೋಲುವ ಜೊವಿನಿಯನನ ವಾದವನ್ನು ಸಂತ ಜೆರೋಮನು ಸುಮಾರು 393ರಲ್ಲಿಯೇ ಖಂಡಿಸಿದ್ದನು. ಕ್ಯಾಥೊಲಿಕ್ ಬೋಧನೆಯಂತೆ ಪಾಪವು ಮಾರಕವೆನಿಸಬೇಕಾದರೆ ವಿಷಯವು ಗುರುವಾಗಿರಬೇಕು, ಪೂರ್ಣವಾದ ಅರಿವಿರಬೇಕು, ಮನಃಪೂರ್ವಕವಾದ ಸಮ್ಮತಿಯಿರಬೇಕು. ಇವುಗಳಲ್ಲಿ ಒಂದು ಕೊರತೆಯಾದರೂ ಅದು ಮಾರಕವಲ್ಲ. ಮಾರಕ ಪಾಪಗಳನ್ನು ಬಗೆಬಗೆಯಾಗಿ ಎಣಿಸಿ ನಿವೇದಿಸಬೇಕೆಂದೂ ಲಘುಪಾಪಗಳ ನಿವೇದನೆ ಕಡ್ಡಾಯವಲ್ಲವೆಂದೂ ಟ್ರೆಂಟ್ ಮಹಾಸಭೆಯು 1551ರಲ್ಲಿ ವಿಧಿಸಿತು. ಈ ವಿಭಾಗವನ್ನು ನಿರಾಕರಿಸಿದ ಕ್ಯಾಲ್ವಿನನು ಕೂಡ, ಪ್ರತಿಯೊಂದು ಪಾಪವೂ ಮರಣಕ್ಕೆ ಅರ್ಹವೆಂದನೇ ಹೊರತು ಎಲ್ಲವೂ ಸಮತೂಕದವೆನ್ನಲಿಲ್ಲ. ಈ ಎರಡು ಮಾತುಗಳನ್ನು ನಮ್ಮ ವಿದ್ಯಾರ್ಥಿಗಳು ಪದೇಪದೇ ಒಂದಾಗಿಸುವುದುಂಟು.

ಶ್ರೀರಂಗಪಟ್ಟಣಕ್ಕೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸನ ಆಜ್ಞೆಗೆ ಅಂಜಿ ಕೆಲವರು ದೇವತೆಗಳಿಗೆ ಬಲಿಯರ್ಪಿಸಿದರು. ಕೆಲವರು ಬಲಿಕೊಡದೆಯೇ ಕೊಟ್ಟೆವೆಂಬ ಪತ್ರವನ್ನು ಪಡೆದುಕೊಂಡರು. ಕಾರ್ಥೇಜಿನ ಬಿಷಪ್ ಸಿಪ್ರಿಯನನ ಮುಂದಾಳುತನದಲ್ಲಿ 251ರಲ್ಲಿ ಸೇರಿದ ಸಭೆಯು ಈ ಎರಡು ತಂಡಗಳಿಗೂ ಒಂದೇ ಪ್ರಾಯಶ್ಚಿತ್ತವನ್ನು ವಿಧಿಸಲಿಲ್ಲ. ಪತ್ರ ಪಡೆದವರನ್ನು ವಿಚಾರಿಸಿ ಬೇಗ ಸೇರಿಸಿಕೊಂಡರು. ಬಲಿಯರ್ಪಿಸಿದವರು ಬಹುಕಾಲ ಕಾಯಬೇಕಾಯಿತು.

ಈ ಅಳತೆಗೋಲನ್ನು ಹಿಡಿದರೆ, ಕೈಕಾಲು ಹಿಡಿದು ಸುನ್ನತಿ ಮಾಡಿಸಲ್ಪಟ್ಟವನದು ಪಾಪವೇ ಅಲ್ಲ, ಅಲ್ಲಿ ಸಮ್ಮತಿಯೇ ಇಲ್ಲ. ಪ್ರಾಣಭಯದಿಂದ ಬಾಯಲ್ಲಿ ಮಾತ್ರ ಧರ್ಮವನ್ನು ಅಲ್ಲಗಳೆದವನದು ಗುರುವಾದ ಅಪರಾಧವೇ ಆದರೂ, ಲಾಭಕ್ಕಾಗಿ ತೊರೆದವನದಕ್ಕೆ ಅದು ಸಮನಲ್ಲ. ದ್ಯುಬುವಾ ಪತ್ರದಲ್ಲಿ ಇವರೆಲ್ಲರನ್ನೂ ಒಂದೇ ನಿಂದೆಯಲ್ಲಿ ಸೇರಿಸಿದನು. ಹುತಾತ್ಮನಾಗದಿರುವುದೇ ಒಂದು ದೋಷವೆಂಬಂತೆ ಬರೆದದ್ದು ನಮಗೆ ನ್ಯಾಯವಾಗಿ ತೋರುವುದಿಲ್ಲ. ಆದರೆ ಪತ್ರವನ್ನು ಬರೆದ ಆ ಕೈಯೇ ಶ್ರೀರಂಗಪಟ್ಟಣದಲ್ಲಿ ಅವರಿಗೆ ಪಾಪವಿಮೋಚನೆಯನ್ನೂ ನೀಡಿತ್ತು.