ಗುಬ್ಬಿಯ ಪಾದ್ರಿ, ಗುಬ್ಬಿಯ ಕವಿ: ತೆಂಗಿನ ಸೀಮೆಯಲ್ಲಿ ಪರಮತ ವಿಚಾರ

1800ರಲ್ಲಿ ಚಿಕ್ಕನಾಯಕನಹಳ್ಳಿ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕನನ್, ತೋಟಗಳ ವಿವರದೊಂದಿಗೆ ಜಾತಿಗಳ ಆಚಾರವನ್ನೂ ಬರೆದುಕೊಂಡ. ನಿಮ್ಮ ಗುರು ಯಾರು, ಸತ್ತವರನ್ನು ಹೂಳುತ್ತೀರೋ ಸುಡುತ್ತೀರೋ, ಮಾಂಸ ತಿನ್ನುವುದುಂಟೋ ಎಂಬ ಬಗೆಯ ವಿಚಾರಣೆ ಅವನದು. ಕಂಪನಿಯ ಕೆಲಸಕ್ಕೆ ಬಂದ ಆ ವೈದ್ಯನಿಗೆ ಯಾರನ್ನೂ ಮತಾಂತರಿಸುವ ಹಂಗಿರಲಿಲ್ಲ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಕುರುಬರು, ನೇಕಾರರು, ಬಣಜಿಗರು ಬೇರೆಬೇರೆಯಾಗಿಯೇ ಕಾಣುವುದು ಅದರಿಂದಲೇ ಇರಬೇಕು.

ನೆರೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ನೆಲೆಯೂರಿದ ಮೇಲೆ ವಿಚಾರಣೆ ವಾದಕ್ಕೆ ತಿರುಗಿತು. ಐರ್ಲೆಂಡಿನ ವಿಲಿಯಂ ಆರ್ಥರ್ 1839ರಲ್ಲಿ ಬಂದಾಗ ಇಪ್ಪತ್ತರ ಹರೆಯದವನು. ಕನ್ನಡ ಕಲಿತ, ಕಣ್ಣಿನ ಬೇನೆಯಿಂದ 1841ರಲ್ಲಿ ಹಿಂದಿರುಗಿದ, ಮೈಸೂರು ಸೀಮೆಯ ಮಿಷನ್ ಕುರಿತ ಅವನ ಪುಸ್ತಕ 1847ರಲ್ಲಿ ಹೊರಬಂತು. ಹಿಂದೂ ಧರ್ಮವನ್ನು ಅವನು ಅರಿಯಹೊರಟದ್ದು ಕ್ರೈಸ್ತಧರ್ಮದ ಪಕ್ಕ ಇಟ್ಟು ಅದರ ಕೊರತೆ ತೋರಿಸಲು. ಇದರಲ್ಲಿ ಮುಚ್ಚುಮರೆ ಇರಲಿಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕ.

ಆದರೆ ಪಾದ್ರಿಗಳ ವಿಗ್ರಹಖಂಡನೆ ಗುಬ್ಬಿಯ ಲಿಂಗವಂತನಿಗೆ ಎಷ್ಟರಮಟ್ಟಿಗೆ ತಾಕೀತು? ಸ್ಥಾವರವನ್ನು ಶರಣರೇ ಪ್ರಶ್ನಿಸಿದ್ದರು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತವನು ಗುಡಿಯ ಕಲ್ಲಿನ ಟೀಕೆಗೆ ತಲೆದೂಗಿ, ಮತ್ತೆ ತನ್ನ ಪೂಜೆಗೆ ತೊಡಗಬಲ್ಲ. ಅದೇ ಊರಿನ ಮಲ್ಲಣಾರ್ಯ 1513ರಲ್ಲಿ 'ಭಾವಚಿಂತಾರತ್ನ', 1530ರಲ್ಲಿ 'ವೀರಶೈವಾಮೃತ ಪುರಾಣ' ಬರೆದು ತನ್ನ ಮತದ ಹಿರಿಮೆಯನ್ನು ಸಾಧಿಸಿದ್ದ. ಅಂದರೆ ಮತಗಳನ್ನು ತೂಗಿನೋಡುವುದು ಈ ನೆಲಕ್ಕೆ ಮಿಷನ್ ತಂದ ಹೊಸ ವಿದ್ಯೆಯಲ್ಲ. ಹನ್ನೆರಡನೆಯ ಶತಮಾನದ ಜೈನಕವಿ ಬ್ರಹ್ಮಶಿವ 'ಸಮಯಪರೀಕ್ಷೆ'ಯಲ್ಲಿ ಅನ್ಯಮತಗಳನ್ನು ಲೇವಡಿ ಮಾಡಿದ್ದನ್ನು ಓದಿದವರಿಗೆ ಪಾದ್ರಿಗಳ ಮಾತು ಸೌಮ್ಯವೆಂದೇ ತೋರೀತು. ಬ್ರಹ್ಮಶಿವನಿಗಿದ್ದ ಅನುಕೂಲ ಒಂದೇ: ಶೈವವನ್ನು ಹೊಕ್ಕು ಜೈನಕ್ಕೆ ಮರಳಿದವನೆಂದು ಸಾಹಿತ್ಯಚರಿತ್ರೆಗಳು ಹೇಳುವ ಅವನು ಒಳಗಿನ ಹುಳುಕನ್ನು ಬಲ್ಲವನು. ಆರ್ಥರ್ ಹೊಸಿಲಾಚೆ ನಿಂತೇ ತೀರ್ಪು ಕೊಟ್ಟ.

ಇವರಾರ ಅಳತೆಗೂ ಸಿಗದ ಇನ್ನೊಂದು ನಡೆಯುಂಟು. ಚಿಕ್ಕನಾಯಕನಹಳ್ಳಿಯಲ್ಲಿ ಮುಸ್ಲಿಂ ಸಂತ ತಾತಯ್ಯನವರ ಗೋರಿಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ. ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿದವರೇ ಗೋರಿಯಲ್ಲಿ ಸಕ್ಕರೆ ಓದಿಸುತ್ತಾರೆ. ವರ್ಷಕ್ಕೊಮ್ಮೆ ಉರುಸು. ಇದನ್ನು ಸೌಹಾರ್ದವೆಂದು ಹೊಗಳುವುದು ವಾಡಿಕೆ. ಆ ಮಾತು ಸುಳ್ಳಲ್ಲವಾದರೂ ಅವಸರದ್ದು. ಹರಕೆ ಹೊತ್ತ ತಾಯಿ ಎರಡು ಧರ್ಮಗಳನ್ನು ಬೆಸೆಯಲು ಹೊರಟವಳಲ್ಲ. ಮಗುವಿನ ಜ್ವರ ಇಳಿದರೆ ಸಕ್ಕರೆ ಓದಿಸಬೇಕು, ಮನೆದೇವರ ಪೂಜೆಯೂ ತಪ್ಪಬಾರದು.