ಐದನೇ ತಂತಿ ನೆಲೆ ಕಂಡ ಬಗೆ

1951ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಹೊರತಂದ ಪ್ರಿಸಿಷನ್ ಬಾಸ್ ಗಿಟಾರಿಗೆ ನಾಲ್ಕು ತಂತಿಗಳು: ಇ, ಎ, ಡಿ, ಜಿ. ಡಬಲ್ ಬಾಸ್‌ನ ಶ್ರುತಿಯೂ ಇದೇ ಆದ್ದರಿಂದ ವಾದಕರ ಕೈಗೆ ಅದು ಬೇಗ ಒಗ್ಗಿತು. ಮುಂದೆ ಸೇರಿದ ತಂತಿಗಳಲ್ಲೂ ಉಳಿದದ್ದು ಹಳೆಯ ಕ್ರಮ ಕೆಡಿಸದೆ ಹೊಸ ಸ್ವರ ಕೊಟ್ಟದ್ದು ಮಾತ್ರ. 1965ರ ಫೆಂಡರ್ ಬಾಸ್ 5 ಮೇಲೊಂದು ಸಿ ತಂತಿ ಸೇರಿಸಿತು. ಆದರೆ ಫ್ರೆಟ್‌ಗಳನ್ನು ಹದಿನೈದಕ್ಕೆ ಇಳಿಸಿತು. ಇಪ್ಪತ್ತು ಫ್ರೆಟ್‌ನ ನಾಲ್ಕು ತಂತಿಯ ವಾದ್ಯ ಮುಟ್ಟುತ್ತಿದ್ದ ತುದಿಯ ಸ್ವರವನ್ನೇ ಅದೂ ಮುಟ್ಟಿತು, ಒಂದನ್ನೂ ಮೀರಲಿಲ್ಲ. ಜನ ಅದನ್ನು ಕೈಬಿಟ್ಟರು. ಎಪ್ಪತ್ತರ ದಶಕದಲ್ಲಿ ಆಂಥೊನಿ ಜಾಕ್ಸನ್, ಜಿಮ್ಮಿ ಜಾನ್ಸನ್ ಅವರಂಥ ಬಾಸ್ ವಾದಕರು ಕೆಳಗಿನ ಬಿ ತಂತಿಯತ್ತ ಹೊರಳಿದರು. ಸುಮಾರು 41 ಹರ್ಟ್ಸ್‌ಗೆ ನಿಲ್ಲುತ್ತಿದ್ದ ಮಂದ್ರ 31ಕ್ಕೆ ಇಳಿಯಿತು.

ಇ ತಂತಿಯನ್ನೇ ಸಡಿಲಿಸಿದರೆ ಸಾಲದೇ ಎಂಬ ಆಕ್ಷೇಪ ಸಹಜ. ಹಾಗೆ ಮಾಡಿದರೆ ತಂತಿಯ ಬಿಗಿ ಕುಂದುತ್ತದೆ, ಅದರ ಮೇಲಿನ ಸ್ವರಸ್ಥಾನಗಳೆಲ್ಲ ಜರುಗುತ್ತವೆ. ಐದು ತಂತಿಯಲ್ಲಿ ಹಳೆಯ ನಾಲ್ಕೂ ಇದ್ದಲ್ಲೇ ಇರುತ್ತವೆ. ಅಂಚಿನ ತಂತಿ ಇನ್ನು ಇ ಅಲ್ಲ ಎಂಬುದನ್ನು ಕೈ ಕಲಿಯಬೇಕು, ಹೆಬ್ಬೆರಳು ಬಿ ತಂತಿಯ ಮೇಲೆ ಕೂತು ಅದರ ಗುಂಯ್‌ಗುಡುವಿಕೆಯನ್ನು ತಡೆಯಬೇಕು. ಅಭ್ಯಾಸ ಬೇಕು ನಿಜ, ಆದರೆ ಕಲಿತದ್ದನ್ನು ಮರೆಯಬೇಕಿಲ್ಲ. ಐದು ತಂತಿ ಬಂದರೂ ನಾಲ್ಕು ತಂತಿಯ ಬಾಸ್ ಮೂಲೆಗುಂಪಾಗದೆ, ಒಬ್ಬನೇ ವಾದಕ ಎರಡನ್ನೂ ನುಡಿಸುವ ಪರಂಪರೆ ಬೆಳೆದದ್ದು ಇದರಿಂದಲೇ.