ಗರಗಸಕ್ಕೆ ಬ್ರೇಕು ಬಂದ ಕಥೆ

ಬಿ.ಕಾಂ. ಓದಿ ಬ್ಯಾಂಕು ಸೇರಿದವನಿಗೆ ಮರ ಕೊಯ್ಯುವ ಮಿಷನ್ನಿನ ಚರಿತ್ರೆ ಯಾಕೆ ಬೇಕು ಅಂತ ನೀವು ಕೇಳಬಹುದು. ಇಲ್ಲಿ ಮುಂಬಯಿಯಲ್ಲಿ ಮಳೆಗಾಲಕ್ಕೆ ಮುಂಚೆ ರಸ್ತೆಬದಿಯ ಕೊಂಬೆ ಕಡಿಯುವವರನ್ನು ನೋಡುತ್ತೇನೆ. ಊರಿಗೆ ಹೋದರೆ ಲುಂಗಿ, ಹವಾಯಿ ಚಪ್ಪಲಿಯಲ್ಲೇ ಚೈನ್ ಗರಗಸ ಹಿಡಿದವರು ಕಾಣಸಿಗುತ್ತಾರೆ. ಇದಕ್ಕೂ ಒಂದು ಬ್ರೇಕು ಇದೆಯೇ ಎಂಬ ಕುತೂಹಲ ಹುಟ್ಟಿದ್ದು ಹಾಗೆ. ಇದೆ ಸ್ವಾಮಿ, ಆದರೆ ಬಹಳ ತಡವಾಗಿ ಬಂತು!

ಈ ಗರಗಸದ ಪೂರ್ವಜ ಹುಟ್ಟಿದ್ದು ವೈದ್ಯರ ಕೈಯಲ್ಲಿ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕನ್, ಜೇಮ್ಸ್ ಜೆಫ್ರಿ ಎಂಬ ವೈದ್ಯರು ಮೂಳೆ ಕತ್ತರಿಸಲು ಹಲ್ಲಿನ ಸರಪಳಿ ಬಳಸಿದರು. 1830ರಲ್ಲಿ ಜರ್ಮನಿಯ ಬೆರ್ನ್‌ಹಾರ್ಡ್ ಹೈನೆ ಅದಕ್ಕೆ ತಿರುಗಿಸುವ ಹಿಡಿಕೆ ಜೋಡಿಸಿದ.

ಮರದ ಕಡೆಗೆ ಬಂದದ್ದು ಎಷ್ಟೋ ವರ್ಷಗಳ ನಂತರ. 1926ರಲ್ಲಿ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನ ಗರಗಸ ಮಾಡಿದರು. 1927ರಲ್ಲಿ ಎಮಿಲ್ ಲೆರ್ಪ್ ಪೆಟ್ರೋಲಿನದನ್ನು ಜರ್ಮನಿಯ ಡೋಲ್ಮಾರ್ ಬೆಟ್ಟದ ಮೇಲೆ ಪರೀಕ್ಷಿಸಿದರು. ಆಗ ಅದನ್ನು ಹಿಡಿಯಲು ಇಬ್ಬರು ಬೇಕಿತ್ತು. 1946ರಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್, ಮರ ಕೊರೆಯುವ ಹುಳು ಎಡಕ್ಕೂ ಬಲಕ್ಕೂ ಅಗಿಯುವುದನ್ನು ನೋಡಿ ಸರಪಳಿಯ ಹಲ್ಲನ್ನೇ ಬದಲಿಸಿದರು. 1950ರಲ್ಲಿ ಸ್ಟಿಲ್ ಕಂಪನಿ ಒಬ್ಬನೇ ಹಿಡಿಯುವ ಪೆಟ್ರೋಲ್ ಗರಗಸ ತಂದಿತು. ಗರಗಸ ಹಗುರವಾಯಿತು, ಚುರುಕಾಯಿತು. ಹಿಡಿದವನ ಮೈ ಕಾಯುವ ಯೋಚನೆ ಮಾತ್ರ ಹಿಂದೆ ಉಳಿಯಿತು.

ಬ್ಯಾಂಕಿನವರಿಗೆ ‘ಕಿಕ್‌ಬ್ಯಾಕ್’ ಎಂದರೆ ಬೇರೆಯೇ ಅರ್ಥ! ಇಲ್ಲಿ ಅದು, ಪಟ್ಟಿಯ ಮೂತಿಯ ಮೇಲ್ಭಾಗ ಇನ್ನೊಂದು ಕೊಂಬೆಗೋ ದಿಮ್ಮಿಗೋ ತಾಗಿದೊಡನೆ ಇಡೀ ಪಟ್ಟಿ ಹಿಂದಕ್ಕೆ ಚಿಮ್ಮಿ ಮುಖ, ಕುತ್ತಿಗೆಗೆ ಬರುವುದು. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಎಂಥ ಅನುಭವಿಯೂ ತಡೆಯಲಾರ. ಅದಕ್ಕೇ 1970ರ ದಶಕದ ಆರಂಭದಲ್ಲಿ ಸ್ಟಿಲ್ ಮತ್ತು ಸ್ವೀಡನ್ನಿನ ಹಸ್ಕ್‌ವರ್ಣಾ ಕಂಪನಿಗಳು ಸರಪಳಿಗೆ ಬ್ರೇಕು ತಂದವು. ಮುಂದಿನ ಹಿಡಿಕೆಯ ಎದುರಿಗಿರುವ ಗಾರ್ಡೇ ಅದರ ಲಿವರು. ಮಿಷನ್ ಚಿಮ್ಮಿದಾಗ ಅದು ಮುಂದಕ್ಕೆ ಬಿದ್ದು ಸರಪಳಿ ಗಕ್ಕನೆ ನಿಲ್ಲುತ್ತದೆ. ಲೆರ್ಪ್ ಅವರ ಮಿಷನ್ನಿನಿಂದ ಇಲ್ಲಿಗೆ ಸುಮಾರು 45 ವರ್ಷ! ಅಷ್ಟರಲ್ಲಿ ಎಷ್ಟು ಮುಖಗಳಿಗೆ ಪೆಟ್ಟು ಬಿದ್ದಿತ್ತೋ.

ನಮ್ಮಲ್ಲಿ ಆ ಗಾರ್ಡು ಮುರಿದರೂ ಹಾಗೇ ಓಡಿಸುವವರಿದ್ದಾರೆ. ಅಡ್ಡ ಬರುತ್ತದೆ ಎಂದು ಬಿಚ್ಚಿಡುವವರೂ ಇದ್ದಾರೆ. ಅದು ಬರೀ ಕೈಗೆ ಮರೆ ಎಂದುಕೊಂಡಿದ್ದಾರೆ. ಗಾರ್ಡು ಹೋದರೆ ಬ್ರೇಕೇ ಹೋಯಿತು.

ಇನ್ನೊಂದು ಒಳ್ಳೆಯ ಉಪಾಯ, ಗರಗಸದವರ ಪ್ಯಾಂಟು. ಒಳಪದರದ ಉದ್ದನೆಯ ಎಳೆಗಳು ಸರಪಳಿಗೆ ಸಿಕ್ಕಿ, ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಸಾಲಕ್ಕೆಂದು ತರುವ ಕೊಟೇಷನ್ನುಗಳಲ್ಲಿ ಮಿಷನ್ನು, ಸರಪಳಿ, ಆಯಿಲ್ ಎಲ್ಲ ಇರುತ್ತದೆ. ಪ್ಯಾಂಟು, ಹೆಲ್ಮೆಟ್ಟು ಇದ್ದದ್ದನ್ನು ನಾನು ನೋಡಿಲ್ಲ. ಮಿಷನ್ನು ತೋಟದ ಮಾಲೀಕನದು, ಕಾಲು ಮಾತ್ರ ಕೂಲಿಯವನದು, ನೋಡಿ!

ನಿಮ್ಮ ತೋಟದಲ್ಲಿ ಮರ ಕೊಯ್ಯಿಸುವುದಿದ್ದರೆ ಇಷ್ಟು ಹೇಳಿ. ಬೆಳಗ್ಗೆ ಮೊದಲು ಬ್ರೇಕು ಹಿಡಿಯುತ್ತದೆಯೇ ನೋಡಲಿ. ಎರಡೂ ಕೈಯಲ್ಲಿ ಹಿಡಿಯಲಿ, ಎಡ ಹೆಬ್ಬೆರಳು ಹಿಡಿಕೆಯನ್ನು ಸುತ್ತಿರಲಿ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವುದು ಬೇಡ, ಏಣಿಯ ಮೇಲಂತೂ ಬೇಡವೇ ಬೇಡ. ಒಬ್ಬನನ್ನೇ ಬಿಟ್ಟು ಬರಬೇಡಿ. ಪ್ಯಾಂಟು, ಬೂಟು, ಹೆಲ್ಮೆಟ್ಟಿನ ಖರ್ಚು ನಿಮ್ಮದೇ ಲೆಕ್ಕದಲ್ಲಿರಲಿ. ಏನಂತೀರಿ?